ಕಿಟಕಿಯ ಪಟ್ಟಿಪರದೆಯೂ ಧೂಳಿನ ಭೌತಶಾಸ್ತ್ರವೂ

ಯಾದಗಿರಿ ಜಿಲ್ಲೆಯ ಸುರಪುರದ ಸೀಮೆಯಲ್ಲಿ ಬೋನಾಳವೆಂಬ ಗ್ರಾಮವಿದೆ. ಅಲ್ಲಿನ ಕೆರೆಯೂ ಪಕ್ಷಿಧಾಮವೂ ನಾಡಿನಲ್ಲಿ ಹೆಸರಾದವು. ಸುರಪುರದ ನಾಯಕ ಅರಸರ ಕಾಲದ ಈ ಕೆರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು ಅಭಿವೃದ್ಧಿಗೊಳಿಸಿದನೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಆ ಕೆರೆಯ ನೀರಿನ ವಿಷಯವನ್ನಲ್ಲ. ಅದರ ಸುತ್ತಣ ನೆಲದಿಂದ ಎದ್ದು, ಮನೆಯೊಳಗೆ ಬಂದು, ಕಿಟಕಿಯ ಪರದೆಯ ಮೇಲೆ ಕುಳಿತುಕೊಳ್ಳುವ ಧೂಳಿನ ವಿಷಯವನ್ನು.

ಈ ಸೀಮೆಯ ನೆಲ ಎರಡು ಬಗೆಯದು. ಒಂದು ಕಡೆ ಸುರಪುರ, ಶಹಾಪುರಗಳ ಬೆಣಚುಗಲ್ಲಿನ ಗುಡ್ಡಗಳು; ಇನ್ನೊಂದು ಕಡೆ ಜೋಳ, ಹತ್ತಿಗಳನ್ನು ಬೆಳೆಯುವ ಎರೆಭೂಮಿ. ಬೆಣಚುಗಲ್ಲು ಸವೆದಾಗ ಸ್ಫಟಿಕಶಿಲೆಯ ಗಟ್ಟಿಯಾದ, ಮೊನಚಾದ ಕಣಗಳು ಹುಟ್ಟುತ್ತವೆ. ಎರೆಮಣ್ಣಿನಲ್ಲಿರುವುದಾದರೋ ಬಹು ನುಣುಪಾದ ಜೇಡಿ. ಅದರ ಬಿಡಿಕಣಗಳು 2 ಮೈಕ್ರಾನಿಗಿಂತಲೂ ಚಿಕ್ಕವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮಾರ್ಚ್ ತಿಂಗಳಿನಿಂದ ಮುಂಗಾರು ಇಳಿಯುವವರೆಗೆ ಈ ಎರಡು ಬಗೆಯ ಧೂಳೂ ಮನೆಗಳಿಗೆ ಅತಿಥಿಗಳಾಗಿ ಬರುತ್ತವೆ. ಇವೆರಡರ ಸ್ವಭಾವ ಬೇರೆ ಬೇರೆಯೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಈಚಿನ ವರ್ಷಗಳಲ್ಲಿ ನಗರಗಳಂತೆ ತಾಲ್ಲೂಕು ಕೇಂದ್ರಗಳ ಮನೆಗಳಲ್ಲಿಯೂ ಬಟ್ಟೆಯ ಪರದೆಗೆ ಬದಲಾಗಿ, ಅಂಗಡಿಯವರು ‘ಬ್ಲೈಂಡ್ಸ್’ ಎಂದು ಕರೆಯುವ ಪಟ್ಟಿಗಳ ಪರದೆಯನ್ನು ತೂಗುಹಾಕುವ ರೂಢಿ ಬಂದಿದೆ. ಅಲ್ಯುಮಿನಿಯಂ, ಪ್ಲಾಸ್ಟಿಕ್ ಅಥವಾ ಮರದ ತೆಳುವಾದ ಪಟ್ಟಿಗಳನ್ನು ದಾರದ ಏಣಿಯಲ್ಲಿ ಒಂದರ ಕೆಳಗೊಂದರಂತೆ ಜೋಡಿಸಿ, ಬೇಕಾದಂತೆ ಓರೆ ಮಾಡಿ ಬೆಳಕನ್ನು ಅಳೆದು ಒಳಗೆ ಬಿಡುವ ಈ ಸಾಧನ ನೋಡಲು ಅಂದವಾಗಿದೆ, ಬಳಸಲು ಅನುಕೂಲವಾಗಿದೆ. ಆದರೆ ಇದನ್ನು ಚೊಕ್ಕಟಗೊಳಿಸುವವರ ಕಷ್ಟ ಅವರಿಗೇ ಗೊತ್ತು. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 1.2 ಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಕಿಟಕಿಯನ್ನು ತೆಗೆದುಕೊಳ್ಳಿರಿ. ಪ್ರತಿ ಪಟ್ಟಿಯ ಅಗಲ 25 ಮಿಲಿಮೀಟರ್, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅಂತರ 21 ಮಿಲಿಮೀಟರ್ ಎಂದಿಟ್ಟುಕೊಂಡರೆ 57 ಪಟ್ಟಿಗಳಾಗುತ್ತವೆ. ಇವುಗಳ ಮೇಲ್ಮುಖಗಳ ವಿಸ್ತೀರ್ಣವನ್ನು ಕೂಡಿಸಿದರೆ 1.7 ಚದರ ಮೀಟರ್! ಅದೇ ಕಿಟಕಿಯ ಹತ್ತು ಸೆಂಟಿಮೀಟರ್ ಅಗಲದ ಹೊಸ್ತಿಲಿನ ವಿಸ್ತೀರ್ಣ 0.12 ಚದರ ಮೀಟರ್ ಮಾತ್ರ. ಅಂದರೆ ಪಟ್ಟಿಪರದೆಯನ್ನು ಹಾಕಿದವರು ತಮಗರಿವಿಲ್ಲದೆಯೇ ಧೂಳು ಬರುವ ದಾರಿಯಲ್ಲಿ ಹದಿನಾಲ್ಕು ಹೊಸ್ತಿಲುಗಳನ್ನು ಹಾಸಿದಂತಾಯಿತು.

ಇದನ್ನು ಹೇಗೆ ಚೊಕ್ಕಟಗೊಳಿಸಬೇಕು? ಸಾಮಾನ್ಯವಾಗಿ ಜನರು ಮಾಡುವುದು ಎರಡು ಕೆಲಸಗಳನ್ನು: ಒಣ ಅರಿವೆಯಿಂದ ಪಟಪಟನೆ ಬಡಿಯುವುದು, ಇಲ್ಲವೆ ಪರದೆಯನ್ನು ಹಿಡಿದು ಝಾಡಿಸುವುದು. ಎರಡರಿಂದಲೂ ಕೋಣೆಯ ತುಂಬ ಧೂಳೇಳುತ್ತದೆ. ಅಷ್ಟೆಲ್ಲ ಧೂಳೆದ್ದಿತಲ್ಲ, ಪರದೆ ಚೊಕ್ಕಟವಾಯಿತೆಂದು ತೃಪ್ತಿಯೂ ಆಗುತ್ತದೆ. ಈ ತೃಪ್ತಿ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೊರಗಿನ ರಸ್ತೆಯನ್ನು ನೋಡೋಣ. ಎರೆಮಣ್ಣಿನ ಬಂಡಿದಾರಿಯ ಮೇಲೆ ಬೇಸಗೆಯಲ್ಲಿ ಹಿಟ್ಟಿನಂತಹ ಧೂಳು ಹಾಸಿರುತ್ತದೆ. ಗಾಳಿ ಸಾಕಷ್ಟು ಬೀಸುತ್ತಿದ್ದರೂ ಅದು ಅನೇಕ ವೇಳೆ ಸುಮ್ಮನೆ ಬಿದ್ದುಕೊಂಡೇ ಇರುತ್ತದೆ. ಒಂದು ಕುರಿಮಂದೆ ಹಾದುಹೋಗಲಿ, ಒಂದು ಟ್ರ್ಯಾಕ್ಟರ್ ಓಡಲಿ, ಆಗ ನೋಡಿರಿ, ದಾರಿಯೇ ಕಾಣದಷ್ಟು ಧೂಳು! ಹಗುರವಾದ ಹಿಟ್ಟನ್ನು ಎಬ್ಬಿಸಲಾರದ ಗಾಳಿ ದಪ್ಪ ಮರಳನ್ನು ಉರುಳಿಸಬಲ್ಲುದೆಂಬುದು ವಿಚಿತ್ರವಲ್ಲವೆ? ಬ್ರಿಟಿಷ್ ಸೈನ್ಯದ ಇಂಜಿನಿಯರ್ ಅಧಿಕಾರಿಯಾಗಿದ್ದ ರಾಲ್ಫ್ ಬ್ಯಾಗ್ನಾಲ್ಡ್ ಎಂಬವನು ಈ ವಿಷಯವನ್ನು ಗಾಳಿಯ ಸುರಂಗದಲ್ಲಿ ಪರೀಕ್ಷಿಸಿ, 1941ರಲ್ಲಿ ಮರಳು ಹಾರುವಿಕೆಯ ಭೌತಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ನಯವಾಗಿ ಹರಡಿದ ಸಿಮೆಂಟಿನ ಪುಡಿಯನ್ನು ಬಲವಾದ ಗಾಳಿಯೂ ಕದಲಿಸದಿದ್ದುದನ್ನು ಅವನು ಕಂಡನು. ಗಾಳಿಗೆ ಅತಿ ಸುಲಭವಾಗಿ ವಶವಾಗುವುದು ಸುಮಾರು ನೂರು ಮೈಕ್ರಾನಿನ ಮರಳು. ಅದಕ್ಕಿಂತ ದಪ್ಪ ಕಣವನ್ನು ಅದರ ತೂಕ ಹಿಡಿದಿಡುತ್ತದೆ, ಸಣ್ಣ ಕಣವನ್ನು ಅದರ ಅಂಟು ಹಿಡಿದಿಡುತ್ತದೆ. ಸಾಲದುದಕ್ಕೆ, ಯಾವುದೇ ಮೇಲ್ಮೈಗೆ ತೀರ ಹತ್ತಿರದಲ್ಲಿರುವ ಗಾಳಿಯ ಪದರ ಬಹು ನಿಧಾನವಾಗಿ ಚಲಿಸುತ್ತದೆ. ಸಣ್ಣ ಕಣಗಳು ಈ ಸೋಮಾರಿ ಪದರದಲ್ಲಿ ಅಡಗಿ ಕುಳಿತಿರುತ್ತವೆ. ತಿರುಗುವ ಪಂಖದ ರೆಕ್ಕೆಯ ಮೇಲೆಯೇ ಧೂಳು ಕೂಡುವುದೂ ಇದೇ ಕಾರಣದಿಂದ.

ರಸ್ತೆಯ ಧೂಳಿಗೆ ಅನ್ವಯಿಸುವ ಈ ನಿಯಮವೇ ಕಿಟಕಿಯ ಪಟ್ಟಿಗೂ ಅನ್ವಯಿಸುತ್ತದೆ. ಎರಡು ವಸ್ತುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಾಗ ಅವುಗಳ ಅಣುಗಳ ನಡುವೆ ಒಂದು ಸೆಳೆತ ಉಂಟಾಗುತ್ತದೆ. 1910ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಡಚ್ ವಿಜ್ಞಾನಿ ವಾನ್ ಡರ್ ವಾಲ್ಸನ ಹೆಸರಿನಿಂದ ಅದನ್ನು ಕರೆಯುತ್ತಾರೆ. ಗುಂಡಾದ ಕಣವೊಂದರ ಮೇಲಿನ ಈ ಸೆಳೆತ ಅದರ ವ್ಯಾಸಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತೂಕವಾದರೋ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕಣ ಹತ್ತು ಪಟ್ಟು ಚಿಕ್ಕದಾದರೆ ಅಂಟು ಹತ್ತನೆಯ ಒಂದಕ್ಕೆ ಇಳಿಯುವುದು, ತೂಕ ಸಾವಿರದ ಒಂದಕ್ಕೆ ಇಳಿಯುವುದು. ಆದ್ದರಿಂದ ತೂಕಕ್ಕೆ ಹೋಲಿಸಿದಾಗ ಅಂಟು ನೂರು ಪಟ್ಟು ಬಲವಾಯಿತೆಂದು ಅರ್ಥ. ಹತ್ತು ಮೈಕ್ರಾನ್ ವ್ಯಾಸದ ಸ್ಫಟಿಕಶಿಲೆಯ ನಯವಾದ ಗುಂಡಿಗೆ ಲೆಕ್ಕ ಹಾಕಿದರೆ ಅಂಟುಬಲ ಅದರ ತೂಕದ ಹತ್ತಾರು ಸಾವಿರ ಪಟ್ಟಾಗುತ್ತದೆ. ನಿಜವಾದ ಧೂಳಿನ ಕಣ ಒರಟಾಗಿರುವುದರಿಂದ ಅದು ಪಟ್ಟಿಯನ್ನು ಎರಡು ಮೂರು ಬಿಂದುಗಳಲ್ಲಿ ಮಾತ್ರ ಮುಟ್ಟುತ್ತದೆ. ಆ ಕಾರಣದಿಂದ ಅಂಟು ನೂರರಲ್ಲೊಂದು ಪಾಲಿಗೆ ಇಳಿಯಿತೆಂದುಕೊಂಡರೂ ತೂಕದ ನೂರಾರು ಪಟ್ಟು ಉಳಿದೇ ಇರುತ್ತದೆ. ಪಟ್ಟಿಯನ್ನು ತಲೆಕೆಳಗು ಮಾಡಿದರೂ ಧೂಳು ಉದುರದಿರುವುದರಲ್ಲಿ ಆಶ್ಚರ್ಯವೇನಿದೆ?

ಈಗ ಝಾಡಿಸುವವರ ವಿಷಯಕ್ಕೆ ಬರೋಣ. ಝಾಡಿಸಿದಾಗ ಮೊದಲು ಬೀಳುವುದು ದಪ್ಪ ಕಣಗಳು. ಅವು ನಿರುಪದ್ರವಿಗಳು, ಒಂದೆರಡು ಕ್ಷಣಗಳಲ್ಲಿ ನೆಲಕ್ಕಿಳಿದು ಕಸಬರಿಗೆಗೆ ಸಿಕ್ಕುತ್ತವೆ. ಸಣ್ಣ ಕಣಗಳಲ್ಲಿ ಬಹುಭಾಗ ಪಟ್ಟಿಗೆ ಅಂಟಿಕೊಂಡೇ ಉಳಿಯುತ್ತದೆ. ಮಿಕ್ಕಷ್ಟು ಗಾಳಿಗೇರುತ್ತದೆ, ಏರಿ ಅಲ್ಲಿಯೇ ನಿಲ್ಲುತ್ತದೆ. ಎಷ್ಟು ಹೊತ್ತು? ಸ್ನಿಗ್ಧ ದ್ರವದಲ್ಲಿ ಬೀಳುವ ಗುಂಡಿನ ವೇಗವನ್ನು ಕುರಿತು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಹರಳೆಣ್ಣೆಯಲ್ಲಿ ಉಕ್ಕಿನ ಗುಂಡನ್ನು ಬಿಟ್ಟು ಪರೀಕ್ಷಿಸುತ್ತಾರೆ. ಗಾಳಿಗೂ ಅದೇ ನಿಯಮ. ಕಲ್ಲಿನ ಧೂಳಿನ ಹತ್ತು ಮೈಕ್ರಾನಿನ ಕಣ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತದೆ. ಎರಡು ಮೀಟರ್ ಎತ್ತರದಿಂದ ನೆಲ ಮುಟ್ಟಲು ನಾಲ್ಕು ನಿಮಿಷ ಸಾಕು. ಒಂದು ಮೈಕ್ರಾನಿನ ಕಣದ ವೇಗ ಅದರ ನೂರರಲ್ಲೊಂದು ಪಾಲು. ನಿಶ್ಚಲವಾದ ಗಾಳಿಯಲ್ಲಿಯೂ ಅದಕ್ಕೆ ಆರೇಳು ಗಂಟೆ ಬೇಕು. ಕೋಣೆಯ ಗಾಳಿ ನಿಶ್ಚಲವಾಗಿ ಇರುವುದುಂಟೆ? ಬೆಳಿಗ್ಗೆ ಹತ್ತು ಗಂಟೆಗೆ ಝಾಡಿಸಿದ ಪರದೆಯ ನುಣುಪು ಧೂಳು ಸಾಯಂಕಾಲ ಮಕ್ಕಳು ಓದಲು ಕುಳಿತಾಗಲೂ ಗಾಳಿಯಲ್ಲಿ ತೇಲುತ್ತಿರುತ್ತದೆ. ರಾತ್ರಿ ಮತ್ತೆ ಅದೇ ಪಟ್ಟಿಗಳ ಮೇಲೆ ಇಳಿಯುತ್ತದೆ.

ಇದು ಬರಿಯ ವ್ಯರ್ಥಶ್ರಮವಾಗಿದ್ದರೆ ನಾವು ಇಷ್ಟೊಂದು ಬರೆಯುತ್ತಿರಲಿಲ್ಲ. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗೂ ಗಂಟಲೂ ಬಹುಮಟ್ಟಿಗೆ ತಡೆಯುತ್ತವೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಹೋಗಬಲ್ಲವು. ಆದ್ದರಿಂದಲೇ ಭಾರತ ಸರ್ಕಾರ 2009ರಲ್ಲಿ ಗೊತ್ತುಮಾಡಿದ ವಾಯುಗುಣಮಟ್ಟದ ಮಿತಿಗಳಲ್ಲಿ ಈ ಕಣಗಳಿಗೆ ಪ್ರತ್ಯೇಕ ಸ್ಥಾನವಿದೆ: ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ ಘನಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಇನ್ನೂ ಬಿಗಿ, 15 ಮೈಕ್ರೊಗ್ರಾಂ. ಈಗ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಪರದೆಯ ಮೇಲೆ ಒಂದೇ ಒಂದು ಗ್ರಾಂ ನುಣುಪು ಧೂಳಿದೆಯೆಂದೂ, ಝಾಡಿಸಿದಾಗ ಅದರಲ್ಲಿ ನೂರನೆಯ ಒಂದು ಪಾಲು ಮಾತ್ರ ಗಾಳಿಗೇರಿತೆಂದೂ ಊಹಿಸಿಕೊಳ್ಳಿರಿ. ಘನಮೀಟರಿಗೆ 278 ಮೈಕ್ರೊಗ್ರಾಂ ಆಯಿತು! ಇದು ಕೆಲವು ಗಂಟೆಗಳ ಮಾತು, ದಿನದ ಸರಾಸರಿಯಲ್ಲ, ನಿಜ. ಮನೆಯ ಧೂಳಿನಿಂದ ಕಲ್ಲುಗಣಿಯ ಕೆಲಸಗಾರರಿಗೆ ಬರುವ ಸಿಲಿಕೋಸಿಸ್ ರೋಗ ಬಂದೀತೆಂದು ಹೆದರಿಸುವುದೂ ನಮ್ಮ ಉದ್ದೇಶವಲ್ಲ. ಆದರೆ ಮನೆಯಲ್ಲಿ ಉಬ್ಬಸದ ಮಗುವೋ ವೃದ್ಧರೋ ಇದ್ದರೆ ಆ ಕೆಲವು ಗಂಟೆಗಳು ಅಲ್ಪವಲ್ಲ. ಎಲ್ಲರಿಗಿಂತ ಹೆಚ್ಚಾಗಿ ಇದನ್ನು ಉಸಿರಾಡುವವರು ಪರದೆಗೆ ಮುಖವೊಡ್ಡಿ ನಿಂತು ಕೆಲಸ ಮಾಡುವವರು. ನಮ್ಮ ಮನೆಗಳಲ್ಲಿ ಅವರು ಸಾಮಾನ್ಯವಾಗಿ ತಾಯಂದಿರು, ಇಲ್ಲವೆ ಕೂಲಿಗೆ ಬರುವ ಹೆಂಗಸರು. ಸೆರಗನ್ನು ಮೂಗಿಗೆ ಕಟ್ಟಿಕೊಂಡರೆ ಈ ನುಣುಪು ಕಣಗಳು ನಿಲ್ಲುವುದಿಲ್ಲ.

ಒಣ ಅರಿವೆಯಿಂದ ಒರಸುವುದರಲ್ಲಿ ಇನ್ನೊಂದು ತೊಡಕಿದೆ. ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಪ್ರಯೋಗವನ್ನು ಎಲ್ಲರೂ ಮಾಡಿದ್ದೇವೆ. ಪ್ಲಾಸ್ಟಿಕ್ ಪಟ್ಟಿಗೆ ಒಣ ಬಟ್ಟೆಯನ್ನು ಉಜ್ಜಿದಾಗಲೂ ಅದರ ಮೇಲೆ ವಿದ್ಯುದಂಶ ನೆಲೆಸುತ್ತದೆ. ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡದ್ದರಿಂದ, ಬೇಸಗೆಯ ಒಣಹವೆಯಲ್ಲಿ ಆ ವಿದ್ಯುದಂಶ ಬಹಳ ಹೊತ್ತು ಉಳಿಯುತ್ತದೆ. ಹತ್ತಿರ ಸುಳಿದ ಧೂಳನ್ನೆಲ್ಲ ತನ್ನತ್ತ ಸೆಳೆದುಕೊಳ್ಳುತ್ತದೆ. ಉಜ್ಜಿದಷ್ಟೂ ಧೂಳನ್ನು ಕರೆದಂತಾಯಿತು! ಮಳೆಗಾಲದಲ್ಲಾದರೋ ಮೇಲ್ಮೈಯ ಮೇಲೆ ಕಾಣದಷ್ಟು ತೆಳ್ಳಗೆ ನೀರಿನ ಪೊರೆ ಕಟ್ಟುತ್ತದೆ, ಅದರ ಮೂಲಕ ವಿದ್ಯುದಂಶ ಹರಿದುಹೋಗುತ್ತದೆ. ಲೋಹದ ಪಟ್ಟಿಗಳಿಗೂ ಮೇಲೆ ಬಣ್ಣದ ಪೊರೆಯಿರುವುದರಿಂದ ಅವೂ ಈ ತೊಡಕಿನಿಂದ ಪೂರ್ತಿ ಪಾರಾಗುವುದಿಲ್ಲ. ಸ್ಫಟಿಕಶಿಲೆಯ ಕಣಗಳು ಅಲ್ಯುಮಿನಿಯಂಗಿಂತಲೂ ಪ್ಲಾಸ್ಟಿಕ್ಕಿಗಿಂತಲೂ ಬಹಳ ಗಟ್ಟಿಯೆಂಬುದನ್ನು ಇಲ್ಲಿ ನೆನೆಯಬೇಕು. ಒಣಗಿದ ಧೂಳಿನ ಮೇಲೆ ಅರಿವೆಯನ್ನು ಒತ್ತಿ ಉಜ್ಜುವುದೆಂದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ ಸರಿ. ಹೀಗೆ ಬಿದ್ದ ಗೀರುಗಳಲ್ಲಿ ಮುಂದಿನ ಧೂಳು ಇನ್ನೂ ಭದ್ರವಾಗಿ ಕೂರುತ್ತದೆ.

ಹಾಗಾದರೆ ನೀರೇ ಮದ್ದೆ? ಹೌದು, ಆದರೆ ನೀರಿನ ನಡತೆಯನ್ನು ಅರಿಯದೆ ಬಳಸಿದರೆ ಅದೂ ಶತ್ರುವಾಗುತ್ತದೆ. ಕಣಕ್ಕೂ ಪಟ್ಟಿಗೂ ನಡುವಣ ಸಂದಿಯಲ್ಲಿ ಒಂದಿಷ್ಟೇ ನೀರು ಸೇರಿದರೆ, ಮೇಲ್ಮೈ ಎಳೆತದಿಂದ ಅದು ಒಂದು ಪುಟ್ಟ ಸೇತುವೆಯಂತಾಗಿ ಕಣವನ್ನು ಪಟ್ಟಿಗೆ ಬಿಗಿದುಹಿಡಿಯುತ್ತದೆ. ಹತ್ತು ಮೈಕ್ರಾನಿನ ನಯವಾದ ಕಣಕ್ಕೆ ಈ ಬಿಗಿತ ಹಿಂದೆ ಹೇಳಿದ ಅಣುಸೆಳೆತದ ಎಂಟು ಹತ್ತು ಪಟ್ಟಾಗುತ್ತದೆ. ಒದ್ದೆ ಮರಳಿನಿಂದ ಮಕ್ಕಳು ಗುಡಿ ಕಟ್ಟುವುದು ಈ ಬಲದಿಂದಲೇ. ಬೇಸಗೆಯೆಲ್ಲ ಕೂಡಿದ ಧೂಳು ಮಳೆಗಾಲದ ತೇವ ತಾಗಿದೊಡನೆ ಒರಸಿದರೂ ಹೋಗದಂತೆ ಮೆತ್ತಿಕೊಳ್ಳುವುದು ಇದೇ ಕಾರಣಕ್ಕಾಗಿ. ಪರದೆಯನ್ನು ಮುಂಗಾರಿಗೆ ಮುಂಚೆ ಚೊಕ್ಕಟಗೊಳಿಸುವುದು ಜಾಣತನ. ಆದರೆ ಕಣವೂ ಪಟ್ಟಿಯೂ ಪೂರ್ತಿಯಾಗಿ ನೀರಿನಲ್ಲಿ ಮುಳುಗಿದರೆ? ಆಗ ನೀರಿಗೂ ಗಾಳಿಗೂ ನಡುವೆ ಗಡಿಯೇ ಇಲ್ಲ, ಸೇತುವೆ ಕಳಚಿಬೀಳುತ್ತದೆ. ನೀರಿನೊಳಗೆ ಅಣುಸೆಳೆತವೂ ಗಾಳಿಯಲ್ಲಿದ್ದುದಕ್ಕಿಂತ ಕುಗ್ಗುತ್ತದೆ. ಹೀಗೆ ಅರೆತೇವ ಅಂಟಿಸುತ್ತದೆ, ತುಂಬುನೀರು ಬಿಡಿಸುತ್ತದೆ.

ಹಿಂಡಿದ ಒದ್ದೆ ಅರಿವೆ ಈ ಎರಡರ ನಡುವಣ ಉಪಾಯ. ಅರಿವೆಯ ನೂಲುಗಳಲ್ಲಿರುವ ನೀರು ಕಣವನ್ನು ಮೇಲಿನಿಂದ ಆವರಿಸುತ್ತದೆ. ಕಣದ ಸುತ್ತಣ ಸೇತುವೆಗಳು ಪಟ್ಟಿಯ ಕಡೆಗಿಂತ ನೂಲಿನ ಕಡೆಗೆ ಹೆಚ್ಚಾಗುತ್ತವೆ. ಕಣ ಅರಿವೆಯ ಪಾಲಾಗುತ್ತದೆ, ಗಾಳಿಯ ಪಾಲಾಗುವುದಿಲ್ಲ. ನೀರಿಗೆ ಎರಡು ಹನಿ ಸಾಬೂನು ದ್ರಾವಣವನ್ನು ಬೆರಸಿದರೆ ಮೇಲ್ಮೈ ಎಳೆತ ತಗ್ಗಿ, ನೀರು ಸಣ್ಣ ಸಂದಿಗಳಲ್ಲಿಯೂ ನುಗ್ಗುತ್ತದೆ.

ಇಲ್ಲಿಯೇ ನಾವು ಮೊದಲು ಹೇಳಿದ ಎರಡು ಬಗೆಯ ಧೂಳಿನ ಭೇದ ಮುಖ್ಯವಾಗುವುದು. ಪರದೇಶದ ಪುಸ್ತಕಗಳಲ್ಲಿ ಪಟ್ಟಿಗಳ ಮೇಲೆ ನೇರವಾಗಿ ನೀರು ಸಿಂಪಡಿಸಿ ಒರಸಬೇಕೆಂದು ಬರೆದಿರುವುದುಂಟು. ಬೋನಾಳದಂತಹ ಎರೆಸೀಮೆಯ ಮನೆಗೆ ಈ ಸಲಹೆ ಹೊಂದದು. ಎರೆಮಣ್ಣಿನ ಜೇಡಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಗುಂಪಿಗೆ ಸೇರಿದುದು. ತನ್ನ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುವುದು ಅದರ ಗುಣ. ದಪ್ಪಗೆ ಧೂಳು ಕೂತ ಪಟ್ಟಿಗೆ ನೀರು ಚಿಮುಕಿಸಿದರೆ ಅದು ಕೆಸರಾಗುತ್ತದೆ, ಹರಡುತ್ತದೆ, ಒಣಗಿದಾಗ ಬಣ್ಣ ಬಳಿದಂತೆ ಕೂರುತ್ತದೆ. ಎರೆಹೊಲದಲ್ಲಿ ಮಳೆಯಾದ ಮೇಲೆ ನಡೆದು ಚಪ್ಪಲಿಯನ್ನು ಕಳೆದುಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಆದ್ದರಿಂದ ದಪ್ಪ ಧೂಳನ್ನು ಒಣದಾಗಿಯೇ ತೆಗೆಯಬೇಕು, ಆದರೆ ಬಡಿಯದೆ. ನುಣುಪು ಧೂಳನ್ನು ತೇವದಿಂದ ತೆಗೆಯಬೇಕು, ಆದರೆ ತೊಟ್ಟಿಕ್ಕದಂತೆ.

ಕ್ರಮ ಹೀಗಿರಲಿ. ಗಾಳಿ ಬೀಸದ ಮುಂಜಾನೆಯನ್ನು ಆರಿಸಿಕೊಂಡು ಪಂಖವನ್ನು ನಿಲ್ಲಿಸಬೇಕು. ಹಾಸಿಗೆ, ಆಹಾರಪದಾರ್ಥಗಳನ್ನು ಮುಚ್ಚಬೇಕು. ಕಣಗಳನ್ನು ನಿಜವಾಗಿ ತಡೆಯುವ ಎನ್-95 ಮುಖಕವಚ ದೊರೆತರೆ ಧರಿಸುವುದು ಲೇಸು. ಪರದೆಯನ್ನು ಪೂರ್ತಿ ಇಳಿಬಿಟ್ಟು, ನಿರ್ವಾತ ಯಂತ್ರ, ಎಂದರೆ ವ್ಯಾಕ್ಯೂಮ್ ಕ್ಲೀನರ್ ಇದ್ದವರು ಅದರ ಕುಂಚವಿರುವ ಬಾಯಿಂದ ಮೇಲಿನಿಂದ ಕೆಳಕ್ಕೆ ಮೃದುವಾಗಿ ಸವರಲಿ. ಇಲ್ಲದವರು ಬಣ್ಣ ಬಳಿಯುವ ಅಗಲವಾದ ಮೆತ್ತನೆಯ ಕುಂಚದಿಂದ, ಕೆಳಗೆ ಒದ್ದೆ ಅರಿವೆಯನ್ನು ಹಿಡಿದು, ಧೂಳನ್ನು ಅದರೊಳಕ್ಕೆ ನಿಧಾನವಾಗಿ ಇಳಿಸಲಿ. ಆಮೇಲೆ ಹಳೆಯ ಹತ್ತಿಯ ಕಾಲುಚೀಲವೊಂದನ್ನು ಕೈಗೆ ತೊಟ್ಟು, ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ನಡುವಿನಿಂದ ತುದಿಗೆ ಎಳೆಯಬೇಕು. ಎರಡು ಮುಖಗಳೂ ಒಂದೇ ಸಲಕ್ಕೆ ಚೊಕ್ಕಟವಾಗುತ್ತವೆ. ಬಕೆಟ್ಟುಗಳು ಎರಡಿರಬೇಕು: ಒಂದರಲ್ಲಿ ಕೊಳೆಯನ್ನು ಜಾಲಿಸುವುದು, ಇನ್ನೊಂದರಲ್ಲಿ ಹೊಸ ನೀರನ್ನು ಹೀರಿಸುವುದು. ಒಂದೇ ಬಕೆಟ್ಟಾದರೆ ನಾಲ್ಕನೆಯ ಪಟ್ಟಿಯಿಂದ ಮುಂದೆ ಕೆಸರನ್ನೇ ಹಚ್ಚುತ್ತ ಹೋಗುತ್ತೇವೆ. ಕೊನೆಗೆ ಒಣ ಮೆತ್ತನೆಯ ಅರಿವೆಯನ್ನು ಒತ್ತಿ ನೀರನ್ನು ಹೀರಿಸಿಬಿಡಬೇಕು. ತಾನಾಗಿ ಆರಲು ಬಿಟ್ಟರೆ ಬಾವಿಯ ಗಡಸು ನೀರಿನ ಸುಣ್ಣ ಬಿಳಿಯ ಕಲೆಯಾಗಿ ನಿಲ್ಲುತ್ತದೆ. ನಿಂತ ಕಲೆಗೆ ನಿಂಬೆರಸ ಬೆರಸಿದ ನೀರು ಸಾಕು.

ಅಡುಗೆಮನೆಯ ಕಿಟಕಿಯ ಮಾತೇ ಬೇರೆ. ಒಗ್ಗರಣೆಯ ಹೊಗೆಯಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳು ಹಾರಿ ಪಟ್ಟಿಗಳ ಮೇಲೆ ಕೂರುತ್ತವೆ. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಕುಸುಬಿ ಎಣ್ಣೆಯಲ್ಲಿ ಲಿನೊಲೆಯಿಕ್ ಆಮ್ಲ ಹೇರಳವಾಗಿದೆ. ಗಾಳಿಯ ಆಮ್ಲಜನಕದೊಡನೆ ಕೂಡಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಈ ಗುಣದಿಂದಲೇ ಅದನ್ನು ಬಣ್ಣ, ವಾರ್ನಿಷುಗಳ ತಯಾರಿಕೆಯಲ್ಲಿಯೂ ಬಳಸುತ್ತಾರೆ. ವಾರದ ಜಿಡ್ಡು ಬೆಚ್ಚನೆಯ ಸಾಬೂನು ನೀರಿಗೆ ಹೋಗುತ್ತದೆ. ವರ್ಷದ ಜಿಡ್ಡು ವಾರ್ನಿಷಾಗಿರುತ್ತದೆ, ತನ್ನೊಳಗೆ ಧೂಳನ್ನು ಹುದುಗಿಸಿಕೊಂಡಿರುತ್ತದೆ. ಅದನ್ನು ಕಿತ್ತೊಗೆಯುವ ಹುರುಪಿನಲ್ಲಿ ಅಲ್ಯುಮಿನಿಯಂ ಪಟ್ಟಿಗೆ ಬಟ್ಟೆ ಸೋಡಾದ ನೀರನ್ನು ಹಾಕಬಾರದು. ಅಲ್ಯುಮಿನಿಯಮ್ಮನ್ನು ರಕ್ಷಿಸುವ ಆಕ್ಸೈಡಿನ ಪೊರೆಯನ್ನು ಕ್ಷಾರವು ಕರಗಿಸುತ್ತದೆ. ಬಣ್ಣ ಕಿತ್ತುಹೋದಲ್ಲಿ ಲೋಹ ಕಪ್ಪಾಗುತ್ತದೆ.

ಹಳೆಯ ಪ್ಲಾಸ್ಟಿಕ್ ಪಟ್ಟಿಗಳಿದ್ದವರಿಗೆ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಬಿಸಿಲಿಗೆ ಕೆಡದಿರಲೆಂದು ಹಿಂದೆ ಅದಕ್ಕೆ ಸೀಸವನ್ನು ಸೇರಿಸುತ್ತಿದ್ದರು. ಅಂತಹ ಪಟ್ಟಿಗಳು ಬಿಸಿಲು ಶಾಖಗಳಿಗೆ ಶಿಥಿಲವಾದಾಗ ಅವುಗಳ ಮೇಲ್ಮೈಯಲ್ಲಿಯೇ ಸೀಸದ ಧೂಳು ಹುಟ್ಟುವುದೆಂದು 1996ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು ಪ್ರಕಟಿಸಿ, ಚಿಕ್ಕ ಮಕ್ಕಳಿರುವ ಮನೆಗಳಿಂದ ಅವನ್ನು ತೆಗೆದುಹಾಕಲು ಹೇಳಿತು. ಒರಸಿದರೂ ಅದು ಮತ್ತೆ ಹುಟ್ಟುವುದರಿಂದ ಇಲ್ಲಿ ನಮ್ಮ ಒದ್ದೆ ಅರಿವೆಯೂ ಸಾಲದು. ಮುಟ್ಟಿದರೆ ಬಿಳಿಯ ಪುಡಿ ಹತ್ತುವ, ಬಳುಕಿಸಿದರೆ ಪುಟುಕ್ಕನೆ ಮುರಿಯುವ ಹಳೆಯ ಪಟ್ಟಿಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಧೂಳು ಕೂರುವುದನ್ನೇ ಕಡಮೆ ಮಾಡಲು ಒಂದು ಸುಲಭ ಉಪಾಯ ಜ್ಯಾಮಿತಿಯಲ್ಲಿದೆ. ಮೇಲಿನಿಂದ ಇಳಿಯುವ ಧೂಳಿಗೆ ಪಟ್ಟಿ ಒಡ್ಡುವ ವಿಸ್ತೀರ್ಣ ಅದರ ಓರೆಕೋನದ ಕೊಸೈನಿಗೆ ಅನುಗುಣವಾದುದು. ಪಟ್ಟಿಗಳನ್ನು ಸಮತಲದಿಂದ 75 ಡಿಗ್ರಿಯಷ್ಟು ಓರೆಯಾಗಿಸಿ ಮುಚ್ಚಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಬೇಸಗೆಯ ಮಧ್ಯಾಹ್ನ ಬಿಸಿಲೂ ಒಳಗೆ ಬರಬಾರದಾದ್ದರಿಂದ ಇದರಿಂದ ನಷ್ಟವೇನೂ ಇಲ್ಲ.

ಇನ್ನು ಬಿದಿರುಕಡ್ಡಿಯ ಪರದೆಯನ್ನಾಗಲಿ ಲಾವಂಚದ ತಟ್ಟಿಯನ್ನಾಗಲಿ ಇಟ್ಟುಕೊಂಡವರು. ಬಿದಿರು ನೀರು ಕುಡಿದರೆ ಉಬ್ಬಿ ಬೂಸರು ಹಿಡಿಯುವುದರಿಂದ ಅದನ್ನು ಕಳಚಿ ಅಂಗಳಕ್ಕೊಯ್ದು, ಗಾಳಿಗೆ ಬೆನ್ನು ಮಾಡಿ ನಿಂತು, ಕಡ್ಡಿಗಳ ಉದ್ದಕ್ಕೆ ಕುಂಚದಿಂದ ಸವರಬೇಕು. ಬಡಿಯಲೇಬೇಕೆಂಬ ಆಸೆಯಿದ್ದವರು ಅಲ್ಲಿ ಬಡಿಯಬಹುದು. ಲಾವಂಚದ ತಟ್ಟಿಗೆ ಬೇಸಗೆಯಲ್ಲಿ ಹೇಗೂ ನೀರು ಹಾಕುತ್ತಲೇ ಇರುತ್ತಾರೆ. ಒಳಗೆ ಬರುವ ಬಿಸಿಗಾಳಿಯನ್ನು ತಂಪು ಮಾಡುವಾಗಲೇ ಅದು ಧೂಳನ್ನೂ ತನ್ನ ಒದ್ದೆ ಬೇರುಗಳಲ್ಲಿ ಹಿಡಿದುಕೊಳ್ಳುತ್ತದೆ. ಸಾಯಂಕಾಲ ಮೇಲಿನಿಂದ ಒಂದು ಕೊಡ ನೀರನ್ನು ಧಾರಾಳವಾಗಿ ಸುರಿದರೆ ಹಿಡಿದುದರಲ್ಲಿ ಬಹುಭಾಗ ಕೆಳಗಿಳಿದು ಹೋಗುತ್ತದೆ.